ವಿಶಾಖಪಟ್ಟಣದಲ್ಲಿ ಮನೆ ಹುಡುಕಿದ್ದು

ನೌಕಾಪಡೆಯವರ ಮನೆಯಲ್ಲಿ ವರ್ಗಾವಣೆ ಅಂದರೆ ಮಳೆಗಾಲದ ಹಾಗೆ. ಬರುತ್ತದೆ ಅಂತ ಗೊತ್ತಿರುತ್ತದೆ, ಬಂದ ದಿನ ಮಾತ್ರ ಕೊಡೆ ಎಲ್ಲಿಟ್ಟೆವೋ ಅಂತ ಹುಡುಕುತ್ತೇವೆ. 2022ರ ಏಪ್ರಿಲ್‌ನಲ್ಲಿ ನಮ್ಮವರಿಗೆ ಮುಂಬೈಯಿಂದ ವಿಶಾಖಪಟ್ಟಣಕ್ಕೆ ಆರ್ಡರ್ ಬಂತು. ಅವರು ಚೀಫ್ ಪೆಟ್ಟಿ ಆಫೀಸರ್. ಹಡಗಿನ ಹೆಸರು ಇಲ್ಲಿ ಬೇಡ. ಕೊಲಾಬಾದ ನೇವಿ ನಗರದಲ್ಲಿ ನಾಲ್ಕು ವರ್ಷ ಇದ್ದವರು ಮತ್ತೆ ಕಪ್ಪು ಟ್ರಂಕುಗಳನ್ನು ಮಂಚದ ಕೆಳಗಿಂದ ಎಳೆದೆವು. ಅದರ ಮೇಲೆ ಹಳೆಯ ಊರಿನ ಹೆಸರು ಅಳಿಸಿ ಹೊಸದನ್ನು ಬರೆಯುವುದು ನನ್ನ ಕೆಲಸ.

ಹೊರಗಿನವರು ಕೇಳುತ್ತಾರೆ, "ನಿಮಗೇನು ಬಿಡಿ, ಸರ್ಕಾರಿ ಕ್ವಾರ್ಟರ್ಸ್ ಇರುತ್ತಲ್ಲ?" ಇರುತ್ತದೆ, ಆದರೆ ಹೋದ ದಿನವೇ ಸಿಗುವುದಿಲ್ಲ. ಹೆಸರು ಬರೆಸಬೇಕು, ಸರದಿ ಕಾಯಬೇಕು. ನಮಗೆ ಕನಿಷ್ಠ ಒಂದು ವರ್ಷ ಅಂದರು. ಅಲ್ಲಿಯವರೆಗೆ ಹೊರಗೆ ಬಾಡಿಗೆ ಮನೆ. ವಿಶಾಖಪಟ್ಟಣ ಸರ್ಕಾರದ ಲೆಕ್ಕದಲ್ಲಿ 'ವೈ' ದರ್ಜೆಯ ನಗರ. ಆಗ, 2022ರಲ್ಲಿ, ಮೂಲ ವೇತನದ ಶೇ. 18ರಷ್ಟು ಬಾಡಿಗೆ ಭತ್ಯೆ ಇತ್ತು. ನಮ್ಮ ಲೆಕ್ಕಕ್ಕೆ ಅದು ತಿಂಗಳಿಗೆ 9 ಸಾವಿರದ ಆಸುಪಾಸು.

ನಮ್ಮದು ಮೂರು ಜನರ ಸಂಸಾರ, ವರ್ಷದಲ್ಲಿ ಒಂದೆರಡು ಸಲ ಗದಗಿನಿಂದ ಬರುವ ಅತ್ತೆ ಸೇರಿದರೆ ನಾಲ್ಕು. ಮಗಳಿಗೆ ಆಗ ಎಂಟು ವರ್ಷ. ಅವಳಿಗೆ ಉಬ್ಬಸ. ಮುಂಬೈಯಲ್ಲಿ ಕಡೆಯ ಒಂದು ವರ್ಷದಲ್ಲೇ ಐದು ಸಲ ರಾತ್ರಿ ಆಸ್ಪತ್ರೆಗೆ ಓಡಿದ್ದೆವು, ಅದರಲ್ಲಿ ನಾಲ್ಕು ಸಲ ಅವರು ಸಮುದ್ರದಲ್ಲಿದ್ದರು. ಹಾಗಾಗಿ ಈ ಸಲ ಮನೆ ಹುಡುಕುವಾಗ ನನಗೆ ಅಡಿಗೆಮನೆ ಪೂರ್ವಕ್ಕಿದೆಯೋ ಇಲ್ಲವೋ ಅನ್ನುವ ಚಿಂತೆ ಇರಲಿಲ್ಲ.

ವಿಶಾಖಪಟ್ಟಣವನ್ನು ನೋಡದವರಿಗೆ ಸ್ವಲ್ಪ ಭೂಗೋಳ ಹೇಳಬೇಕು. ಊರಿನ ದಕ್ಷಿಣಕ್ಕೆ ಯಾರಾಡ ಬೆಟ್ಟಸಾಲು. ಅದರ ತುದಿ ಸಮುದ್ರದೊಳಕ್ಕೆ ಮೂತಿ ಚಾಚಿದಂತಿದೆ, ಅದಕ್ಕೇ ಡಾಲ್ಫಿನ್ಸ್ ನೋಸ್ ಅಂತ ಹೆಸರು. ಅದರ ಮಗ್ಗುಲಿನ ಕಾಲುವೆಯಲ್ಲೇ ಹಡಗುಗಳು ಒಳ ಬಂದರಿಗೆ ಹೋಗುವುದು. ಉತ್ತರಕ್ಕೆ ಕೈಲಾಸಗಿರಿಯ ಸಾಲು. ಎರಡರ ನಡುವೆ ಬಂದರು, ಹಡಗು ಕಟ್ಟುವ ಕಾರ್ಖಾನೆ, ಎಣ್ಣೆ ಶುದ್ಧೀಕರಣ ಘಟಕ, ಗೊಬ್ಬರದ ಕಾರ್ಖಾನೆ, ಅವುಗಳ ಪಕ್ಕದಲ್ಲೇ ನೌಕಾನೆಲೆ, ಸುತ್ತ ಜನ. ಬೆಟ್ಟಗಳ ನಡುವಿನ ಈ ತಗ್ಗಿಗೆ ಮಾಲಿನ್ಯದ ವರದಿಗಳಲ್ಲಿ 'ಬೋಲ್ ಏರಿಯಾ' ಅಂತಲೇ ಹೆಸರು. ಬೋಗುಣಿಯಲ್ಲಿ ನಿಂತ ಹೊಗೆ ಬೇಗ ಹೊರಗೆ ಹೋಗುವುದಿಲ್ಲ.

ನೇವಿಯವರು ಸಾಮಾನ್ಯವಾಗಿ ಮನೆ ಹಿಡಿಯುವುದು ಮಲ್ಕಾಪುರಂ, ಶ್ರೀಹರಿಪುರಂ, ಗಾಂಧಿಗ್ರಾಮ, ಸಿಂಧಿಯಾ ಕಡೆ. ಕಾರಣಗಳೆಲ್ಲ ನ್ಯಾಯವಾದವೇ. ಹಡಗು ಹತ್ತಿರ. ನೌಸೇನಾ ಬಾಗ್‌ನಲ್ಲಿ ಕೇಂದ್ರೀಯ ವಿದ್ಯಾಲಯ ಇದೆ. ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಕಲ್ಯಾಣಿ ಅಲ್ಲೇ ಇದೆ. ಪಕ್ಕದ ಮನೆಯಲ್ಲೂ ಎದುರು ಮನೆಯಲ್ಲೂ ಗಂಡ ಸಮುದ್ರಕ್ಕೆ ಹೋದ ಹೆಂಗಸರೇ ಇರುತ್ತಾರೆ, ಮಧ್ಯರಾತ್ರಿ ಬಾಗಿಲು ಬಡಿದರೆ ಯಾಕೆ ಅಂತ ಕೇಳುವುದಿಲ್ಲ. ಎರಡು ಕೋಣೆಯ ಮನೆ ಆಗ 8–9 ಸಾವಿರಕ್ಕೆ ಸಿಗುತ್ತಿತ್ತು. ಅಂದರೆ ಭತ್ಯೆಗೆ ಸರಿಹೋಗುವ ಬಾಡಿಗೆ.

ಇನ್ನೊಂದು ಕಡೆ, ಊರಿನ ಈಶಾನ್ಯಕ್ಕೆ, ಕಡಲಿಗೆ ಮುಖ ಮಾಡಿದ ಪೆದ್ದ ವಾಲ್ತೇರು, ಲಾಸನ್ಸ್ ಬೇ ಕಾಲೊನಿ, ಎಂ.ವಿ.ಪಿ. ಕಾಲೊನಿ. ಗಾಳಿ ನೇರ ಸಮುದ್ರದಿಂದ. ಬಾಡಿಗೆ 15 ಸಾವಿರದ ಮೇಲೆ. ಹಡಗಿಗೆ ಸುಮಾರು 15 ಕಿ.ಮೀ., ದಾರಿಯ ಒಂದು ಭಾಗದಲ್ಲಿ ಬಂದರಿನ ಲಾರಿಗಳು.

ಮಧ್ಯದ ದಾರಿಯೂ ಒಂದಿತ್ತು: ಎನ್‌ಎಡಿ ಕೊತ್ತರೋಡ್, ಮರ್ರಿಪಾಲೆಂ, ಗೋಪಾಲಪಟ್ಣಂ. ಎರಡೂ ಕಡೆಗೆ ಬಸ್ಸು, ಸಾಧಾರಣ ಬಾಡಿಗೆ. ಆದರೆ ಗೋಪಾಲಪಟ್ಣಂ ಹತ್ತಿರದ ಆರ್.ಆರ್. ವೆಂಕಟಾಪುರಂನಲ್ಲಿ 2020ರ ಮೇ 7ರ ನಸುಕಿನಲ್ಲಿ ಕಾರ್ಖಾನೆಯೊಂದರಿಂದ ಸ್ಟೈರೀನ್ ಅನಿಲ ಸೋರಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಎರಡೇ ವರ್ಷದ ಹಿಂದಿನ ಮಾತು. ಪ್ರತಿ ಕಾರ್ಖಾನೆಗೂ ಹೆದರಿ ಕೂತರೆ ಈ ಊರಿನಲ್ಲಿ ಬದುಕಲಾಗದು ಅಂತ ಗೊತ್ತಿದ್ದರೂ ಮನಸ್ಸು ಒಪ್ಪಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಬಂದಿಳಿದೆವು. ಮೊದಲ ದಿನವೇ ಜಗಳ. ಅವರು ಹೇಳಿದ್ದು ತಪ್ಪೇನಲ್ಲ.

"ನಾ ಮನಿಗೆ ಬರೂದ ತಿಂಗಳಿಗೆ ಹತ್ತ ದಿನ. ಆ ಹತ್ತ ದಿನಾನೂ ಬೈಕಿನ ಮ್ಯಾಲ ಕಳೀಬೇಕೇನು?"

"ನೀವ ಇರೂ ದಿನಕ್ಕಲ್ಲ ರೀ, ನೀವ ಇಲ್ಲದ ದಿನಕ್ಕ ಮನಿ ಹುಡುಕಾಕತ್ತೇನಿ" ಅಂದೆ.

ಆಡಿದ ಮೇಲೆ ನನಗೇ ಕೆಟ್ಟದೆನಿಸಿತು. ಆದರೆ ಯೋಚಿಸಿದರೆ ಆ ಮಾತೂ ನನ್ನ ಪರವಾಗಿರಲಿಲ್ಲ. ಅವರಿಲ್ಲದ ದಿನಗಳಿಗೆ ಬೇಕಾದದ್ದು ಆಸ್ಪತ್ರೆ, ಬಾಗಿಲು ತೆರೆಯುವ ನೆರೆಯವರು. ಎರಡೂ ಇದ್ದದ್ದು ಗಾಳಿ ಸರಿಯಿಲ್ಲದ ಕಡೆಯೇ. ಉಬ್ಬಸ ಬಂದರೆ ಓಡುವ ಜಾಗ ಹತ್ತಿರವಿರಬೇಕೋ, ಉಬ್ಬಸ ಬಾರದ ಜಾಗದಲ್ಲಿರಬೇಕೋ?

ವಾದ ಮಾಡಿ ಮುಗಿಯುವ ಪ್ರಶ್ನೆ ಇದಲ್ಲ ಅನಿಸಿತು. ಮುಂಬೈಯ ಡಾಕ್ಟರು ಕೊಟ್ಟ ಪೀಕ್ ಫ್ಲೋ ಮೀಟರ್ ನಮ್ಮಲ್ಲಿತ್ತು. ಪ್ಲಾಸ್ಟಿಕ್ ಕೊಳವೆ, ಜೋರಾಗಿ ಊದಿದರೆ ಮುಳ್ಳು ಮುಂದೆ ಹೋಗುತ್ತದೆ. ಹೆಚ್ಚು ಹೋದರೆ ಉಸಿರಿನ ದಾರಿ ತೆರೆದಿದೆ ಅಂತ ಅರ್ಥ. ಅವರ ಹಳೆಯ ಹಡಗಿನ ಸಹೋದ್ಯೋಗಿಯೊಬ್ಬರು, ಬೈಲಹೊಂಗಲದವರು, ಶ್ರೀಹರಿಪುರಂನಲ್ಲಿದ್ದರು. ಅವರ ಮನೆಯಲ್ಲಿ ನಾಲ್ಕು ರಾತ್ರಿ ಇದ್ದೆವು. ಆಮೇಲೆ ಪೆದ್ದ ವಾಲ್ತೇರಿನಲ್ಲಿ ದುಡ್ಡು ಕೊಟ್ಟು ಒಂದು ಕೋಣೆ ಹಿಡಿದು ನಾಲ್ಕು ರಾತ್ರಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದುಕೊಂಡೆ. ಮೊದಲ ಕಡೆ 160, 165, 155, 160. ಎರಡನೇ ಕಡೆ 170, 185, 190, 190. ನಾಲ್ಕು ದಿನದಿಂದ ಏನೂ ಸಾಬೀತಾಗುವುದಿಲ್ಲ, ಪ್ರಯಾಣದ ದಣಿವು ಇಳಿದದ್ದೂ ಇರಬಹುದು. ಆದರೂ ಆ ಚೀಟಿ ನೋಡಿದ ಮೇಲೆ ನಮ್ಮವರು ವಾದ ಮಾಡಲಿಲ್ಲ.

ಆ ಎಂಟು ದಿನಗಳಲ್ಲಿ ನಾನು ಇನ್ನೂ ಕೆಲವು ಕೆಲಸ ಮಾಡಿದೆ. ಬೇರೆಯವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ನೋಡಿದ ಪ್ರತಿ ಮನೆಯ ಕಿಟಕಿಯ ಕಟ್ಟೆಯನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಕಂದು ಬಂದರೆ ರಸ್ತೆಯ ಮಣ್ಣು, ಕಪ್ಪು ಬಂದರೆ ಬೇರೆ ಲೆಕ್ಕ. ಔಷಧಿ ಅಂಗಡಿಯಲ್ಲಿ ಮಗಳ ಇನ್‌ಹೇಲರ್ ಕೇಳಿದೆ: ತಕ್ಷಣ ಎದುರಿನ ಕಪಾಟಿನಿಂದ ತೆಗೆದುಕೊಟ್ಟರೆ ಆ ಬೀದಿಯಲ್ಲಿ ಅದನ್ನು ಕೊಳ್ಳುವವರು ಬಹಳ ಅಂತ ಅರ್ಥ. ಒಂದೇ ಬೀದಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಹೋದೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಮಾಲೀಕರನ್ನು ಕೇಳದೆ ಬಾಡಿಗೆಯವರನ್ನು ಕೇಳಿದೆ. ಕನ್ನಡ ಓದಿದವರಿಗೆ ಇಲ್ಲೊಂದು ಅನುಕೂಲವಿದೆ. ತೆಲುಗು ಲಿಪಿ ನಮ್ಮದರ ಅಕ್ಕನಂತಿದೆ, ತಲೆಕಟ್ಟು ಮಾತ್ರ ಬೇರೆ. ಒಂದು ವಾರದಲ್ಲಿ ಬಸ್ಸಿನ ಬೋರ್ಡೂ 'ಟು ಲೆಟ್' ಚೀಟಿಯ ಕೆಳಗಿನ ಷರತ್ತುಗಳೂ ಓದಲು ಬಂದವು.

ಹಳೆಯ ಜನರನ್ನು ಕಂಡಾಗೆಲ್ಲ ಒಂದು ಪ್ರಶ್ನೆ ಕೇಳಿದೆ: "ಇಲ್ಲಿ ನೀವು ಕಂಡ ಅತಿ ಕೆಟ್ಟ ದಿನ ಯಾವುದು?" ಮಲ್ಕಾಪುರಂನ ಅಂಗಡಿಯವರು 1997ರ ಸೆಪ್ಟೆಂಬರ್ ಅಂದರು, ಎಣ್ಣೆ ಘಟಕಕ್ಕೆ ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತ ವರ್ಷ. ಕಡಲಬದಿಯವರೆಲ್ಲ ಹೇಳಿದ್ದು ಒಂದೇ: 2014ರ ಅಕ್ಟೋಬರ್ 12, ಹುಡ್‌ಹುಡ್ ಚಂಡಮಾರುತ. ಪೆದ್ದ ವಾಲ್ತೇರಿನ ಮನೆ ಮಾಲಕಿ ಕಿಟಕಿಗಳನ್ನು ತೋರಿಸುತ್ತ, "ಗಾಜು ಒಳಕ್ಕೆ ಹಾರಿ ಬಂತಮ್ಮಾ. ದಿನಗಟ್ಟಲೆ ಕರೆಂಟಿಲ್ಲ, ಫೋನಿಲ್ಲ. ಬಾವಿ ಇದ್ದವರ ಮನೆಗೆ ಬೀದಿಯೇ ನೀರಿಗೆ ಬಂತು" ಅಂದರು. ಸಮುದ್ರ ಕಾಣುವ ಮನೆಯ ಆಸೆ ನನಗೆ ಅಲ್ಲೇ ಬಿಟ್ಟಿತು. ಅವರದ್ದೇ ಮನೆ, ಮೂರು ಬೀದಿ ಹಿಂದೆ, ಎರಡನೇ ಮಹಡಿ, ಹಿತ್ತಲಲ್ಲಿ ಬಾವಿ. ಬಾಡಿಗೆ 15 ಸಾವಿರ. ಭತ್ಯೆಗಿಂತ ಹೆಚ್ಚಾದದ್ದನ್ನು ಮಗಳ ಹೆಸರಿನಲ್ಲಿ ತಿಂಗಳಿಗೊಮ್ಮೆ ಕಟ್ಟುತ್ತಿದ್ದ ಉಳಿತಾಯದಿಂದ ತೆಗೆದೆವು.

ಬಾವಿಯ ಮನೆಯಲ್ಲಿ ಒಂದೂವರೆ ವರ್ಷದ ಮೇಲೆ ಇದ್ದೆವು. ಉಪ್ಪುಗಾಳಿಗೆ ಫ್ಯಾನು ಹಾಳಾಯಿತು, ಟ್ರಂಕಿನ ಕೊಂಡಿ ತುಕ್ಕು ಹಿಡಿಯಿತು. ಹೌರಾ ಕಡೆಯಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿಯ ಮೇಲೆಯೇ ಹೋಗುವುದರಿಂದ ಅತ್ತೆ ಗಾಡಿ ಬದಲಿಸದೆ ಬಂದು ಹೋದರು. ಅವರನ್ನು ಸಿಂಹಾಚಲಕ್ಕೆ ಕರೆದೊಯ್ದೆವು. ವರ್ಷವಿಡೀ ಗಂಧದಲ್ಲಿ ಮುಚ್ಚಿರುವ ಸ್ವಾಮಿ, ನಿಜರೂಪ ಕಾಣುವುದು ಅಕ್ಷಯ ತೃತೀಯದಂದು ಮಾತ್ರ. ಅಲ್ಲಿ ಕೃಷ್ಣದೇವರಾಯನ ಶಾಸನವಿದೆ. ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರ ಹೆಸರೂ ಈ ಸೀಮೆಯ ಶಾಸನಗಳಲ್ಲಿದೆ. ಕನ್ನಡದಲ್ಲಿ ಹಾಡು ಕಟ್ಟಿದ ಅವರು 13ನೇ ಶತಮಾನದಲ್ಲಿ ಈ ಕಳಿಂಗ ಸೀಮೆಯಲ್ಲಿ ವರ್ಷಗಟ್ಟಲೆ ರಾಜ್ಯದ ಕೆಲಸ ನೋಡಿಕೊಂಡಿದ್ದರಂತೆ. ಇದನ್ನು ಹೇಳಿದಾಗ ಅತ್ತೆ, "ಹಂಗಾರ ಅವರಿಗೂ ಪೋಸ್ಟಿಂಗ್ ಇಲ್ಲೇ ಆಗಿತ್ತನ್ನು" ಅಂದರು.

ಆ ಅವಧಿಯಲ್ಲಿ ಉಬ್ಬಸ ಜೋರಾದದ್ದು ಎರಡೇ ಸಲ. ಒಂದು ಸಲ ನವೆಂಬರ್‌ನ ರಾತ್ರಿ ಎರಡು ಗಂಟೆಗೆ, ಅವರು ಸಮುದ್ರದಲ್ಲಿದ್ದಾಗ. ಕೆಳಗಿನ ಮನೆಯ ಬಾಗಿಲು ಬಡಿದೆ. ಮಾಲಕಿಯ ಮಗ ಲುಂಗಿಯಲ್ಲೇ ಕಾರು ತೆಗೆದ. ಬಾಗಿಲು ತೆರೆಯುವ ನೆರೆಯವರು ನೇವಿಯ ಬೀದಿಯಲ್ಲಿ ಮಾತ್ರ ಇರುತ್ತಾರೆ ಅಂದುಕೊಂಡದ್ದು ನನ್ನ ತಪ್ಪು ಲೆಕ್ಕ.

ಆದರೆ ಕಳೆದುಕೊಂಡದ್ದನ್ನೂ ಬರೆಯಬೇಕು. ಮಗಳ ಒಂಬತ್ತನೇ ಹುಟ್ಟುಹಬ್ಬದ ದಿನ ಹಡಗು ಮಧ್ಯಾಹ್ನವೇ ಬರುವುದಿತ್ತು. ನಾವಿಬ್ಬರೂ ಆರ್.ಕೆ. ಬೀಚಿಗೆ ಹೋಗಿ ನಿಂತೆವು. 1971ರ ಯುದ್ಧದ ಸ್ಮಾರಕವೂ ಕುರ್ಸುರಾ ಜಲಾಂತರ್ಗಾಮಿಯೂ ಇರುವ ಅದೇ ಬೀಚು. ಹಡಗು ಡಾಲ್ಫಿನ್ಸ್ ನೋಸ್ ಕಡೆಗೆ ತಿರುಗಿ ಒಳಗೆ ಹೋದದ್ದನ್ನು ನೋಡಿ ಅವಳು ಕುಣಿದಳು. ಮನೆಗೆ ಬಂದು ಹೊಸ ಲಂಗ ಹಾಕಿ ಕೂತಳು. ಅವರಿಗೆ ಹಡಗಿನಿಂದ ಬಿಡುಗಡೆಯಾದದ್ದು ಆರೂವರೆಗೆ, ಆಮೇಲೆ ಬಂದರು ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿತ್ತು. ಮನೆ ತಲುಪಿದಾಗ ಒಂಬತ್ತು. ಅವಳು ಲಂಗದಲ್ಲೇ ಸೋಫಾ ಮೇಲೆ ಮಲಗಿಬಿಟ್ಟಿದ್ದಳು. ಅವರು ಏನೂ ಅನ್ನಲಿಲ್ಲ. ಹೆಲ್ಮೆಟ್ ಕೈಯಲ್ಲೇ ಹಿಡಿದು ಅವಳ ಕಾಲ ಬಳಿ ಕೂತರು. ಶ್ರೀಹರಿಪುರಂನಲ್ಲಿದ್ದಿದ್ದರೆ ಏಳಕ್ಕೆ ಮನೆಯಲ್ಲಿರುತ್ತಿದ್ದರು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ನಾನು ಆ ಚೀಟಿಯಲ್ಲಿ ಬರೆಯದೆ ಬಿಟ್ಟ ಅಂಕಿ ಅದು.

2023ರ ಕೊನೆಗೆ ನೌಸೇನಾ ಬಾಗ್‌ನಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಬೇಡ ಅನ್ನಬೇಕೋ ಹೂಂ ಅನ್ನಬೇಕೋ? ಮತ್ತೆ ಬೈಲಹೊಂಗಲದವರ ಮನೆ, ಮತ್ತೆ ನಾಲ್ಕು ರಾತ್ರಿ, ಮತ್ತೆ ಮೀಟರ್. ಮಗಳು ಬೆಳೆದಿದ್ದಳು, ದಿನನಿತ್ಯದ ಇನ್‌ಹೇಲರ್ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಳು. 225, 230, 225, 230. ವಾಲ್ತೇರಿನ ಮನೆಯಲ್ಲಿ 235 ಬರುತ್ತಿತ್ತು. ಆ ವ್ಯತ್ಯಾಸವನ್ನು ಅಪ್ಪನ ಸಂಜೆಗಳ ಎದುರು ಇಟ್ಟು ನೋಡಿದೆವು. ಮಗಳನ್ನೇ ಕೇಳಿದೆವು. "ಪಪ್ಪಾ ಹೋಮ್‌ವರ್ಕ್ ಟೈಮಿಗೆ ಇರ್ತಾನಾ?" ಅಂದಳು. 2024ರ ಜನವರಿಯಲ್ಲಿ ಸಾಮಾನು ಸಾಗಿಸಿದೆವು. ಬಾವಿಯ ಮನೆಯ ಮಾಲಕಿ ಒಂದು ಡಬ್ಬಿ ಆವಕಾಯಿ ಕೊಟ್ಟು, ಅತ್ತರು.

ಈಗಲೂ ಭಾನುವಾರಕ್ಕೊಮ್ಮೆ ಕಿಟಕಿಯ ಕಟ್ಟೆ ಒರೆಸುತ್ತೇನೆ. ಬಟ್ಟೆ ಕಪ್ಪಾಗುತ್ತದೆ. ಹಡಗು ದಡದಲ್ಲಿರುವ ದಿನ ಐದೂಕಾಲಿಗೆ ಬೈಕಿನ ಸದ್ದೂ ಕೇಳುತ್ತದೆ. ಚಳಿಗಾಲ ಬಂದರೆ ಮೀಟರ್ ಮೇಜಿನ ಮೇಲೇ ಇರುತ್ತದೆ. 200ರ ಕೆಳಗೆ ಇಳಿದರೆ ಮತ್ತೆ ಮನೆ ಬದಲಿಸುವುದು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದೇವೆ. ಟ್ರಂಕಂತೂ ಮಂಚದ ಕೆಳಗೇ ಇದೆ.

ಹೋದ ತಿಂಗಳು ಕೊಲಾಬಾದಿಂದ ಒಬ್ಬಾಕೆ ಫೋನ್ ಮಾಡಿದಳು. ಅವಳ ಗಂಡನಿಗೂ ಇಲ್ಲಿಗೇ ಆರ್ಡರ್ ಬಂದಿದೆ. "ಅಕ್ಕಾ, ಯಾವ ಏರಿಯಾ ಒಳ್ಳೇದು ಹೇಳ್ರಿ, ಅಲ್ಲೇ ಹಿಡೀತೀವಿ" ಅಂದಳು. ನಾನು ಏರಿಯಾದ ಹೆಸರು ಹೇಳಲಿಲ್ಲ.

"ಮೊದಲ ಇದನ್ನ ಹೇಳವಾ, ನಿಮ್ಮ ಮನ್ಯಾಗ ಯಾರ‍್ಯಾರ ಇರ್ತೀರಿ? ರಾತ್ರಿ ಎರಡಕ್ಕ ಎಚ್ಚರ ಆಗೂದು ಯಾರಿಗೆ?"

ಒಂದು ಗಳಿಗೆ ಅವಳು ಸುಮ್ಮನಿದ್ದಳು. ಆಮೇಲೆ, "ನಮ್ಮ ಮಾವನವರಿಗೆ ರೀ, ಅವರಿಗೆ ಡಯಾಲಿಸಿಸ್ ಐತಿ" ಅಂದಳು.

ಪೆನ್ನು ಕಾಗದ ತಗೊಂಡು ಕೂತೆ.