ದಿನವೂ ಹೆದೆಯೇರುವ ಬಿಲ್ಲು

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಬಿಲ್ಲಿನ ಮಾತಿಗೆ ಪೀಠಿಕೆ ಬೇಕಿಲ್ಲ. ವಾಲ್ಮೀಕಿಯ ಆಶ್ರಮವಿದ್ದುದು ಇಲ್ಲೇ, ಲವಕುಶರು ತಂದೆಯ ಸೇನೆಗೆ ಎದುರಾಗಿ ಬಾಣ ಹೂಡಿದ್ದೂ ಇಲ್ಲೇ ಎಂದು ಜನ ನಂಬುತ್ತಾರೆ. ಆ ಬೆಟ್ಟ ಇಳಿದು ಬರುವ ಹುಡುಗ ಬಿದಿರ ಸೀಳಿಗೆ ಗೋಣಿದಾರ ಕಟ್ಟಿ ಮಧ್ಯಾಹ್ನವೆಲ್ಲ ಆಡುತ್ತಾನೆ. ಸಂಜೆಗೆ ಬಿದಿರು ಮುರಿಯುತ್ತದೆ, ಹುಚ್ಚೂ ಬಿಡುತ್ತದೆ. ಕೆಲವರಿಗೆ ಮಾತ್ರ ಅದು ಐವತ್ತು ದಾಟಿದ ಮೇಲೆ ಮರಳಿ ಬರುತ್ತದೆ. ದಿನವೂ ಬೆಳಿಗ್ಗೆ ನಾಲ್ಕು ಬಾಣ ಬಿಡಬೇಕು, ಬಿಲ್ಲು ಬಾಳಿಕೆ ಬರಬೇಕು, ಸಾಂಪ್ರದಾಯಿಕವೂ ಆಗಿರಬೇಕು. ಈ ಮೂರು ಆಸೆಗಳು ಕೂಡಿದಾಗ ಹುಡುಕಾಟ ಕೊರಿಯಾದವರೆಗೆ ಹೋಗುತ್ತದೆ.

ಕೊರಿಯಾದಲ್ಲಿ ಹಳೆಯ ಬಿಲ್ವಿದ್ಯೆ ವಸ್ತುಸಂಗ್ರಹಾಲಯ ಸೇರಿಲ್ಲ. ಈಗಲೂ ಅಲ್ಲಿನ ಹಿರಿಯರು 145 ಮೀಟರ್ ದೂರದ ಗುರಿಗೆ ಸರದಿಗೆ ಐದರಂತೆ ಬಾಣ ಬಿಡುತ್ತಾರೆ. ಅವರ ‘ಗಾಕ್‌ಗುಂಗ್’ ಕೊಂಬಿನ ಬಿಲ್ಲು. ಒಳಮೈಗೆ ಎಮ್ಮೆಯ ಕೊಂಬು, ನಡುವೆ ಬಿದಿರು, ತುದಿಗಳಿಗೆ ಹಿಪ್ಪುನೇರಳೆ ಮರ, ಹೊರಮೈಗೆ ದನದ ಸ್ನಾಯುವಿನ ನಾರು, ಅಂಟಿಗೆ ಮೀನಿನ ಗಾಳಿಚೀಲ. ಹಿಪ್ಪುನೇರಳೆಯೆಂದರೆ ರೇಷ್ಮೆಹುಳುವಿನ ಮೇವೆಂದಷ್ಟೇ ತಿಳಿದ ಕೋಲಾರದವರಿಗೆ ಇದು ಸೋಜಿಗ. ಕೊಂಬಿನ ಬಿಲ್ಲು ನಮಗೂ ಹೊಸದಲ್ಲ. ವಿಷ್ಣುವಿನ ‘ಶಾರ್ಙ್ಗ’ದ ಹೆಸರೇ ಶೃಂಗ, ಅಂದರೆ ಕೊಂಬು, ಎಂಬುದರಿಂದ ಬಂದದ್ದು.

ಈ ಜೋಡಣೆಯಲ್ಲಿ ವಿಜ್ಞಾನವಿದೆ. ಬಿಲ್ಲು ಎಳೆದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡ ತಾಳುವುದು ಕೊಂಬಿನ ಗುಣ, ಸೆಳೆತ ತಾಳುವುದು ಸ್ನಾಯುವಿನ ಗುಣ. ಆದರೆ ತೇವ ತಗುಲಿದರೆ ಅಂಟು, ನಾರು ಎರಡೂ ಮೆತ್ತಗಾಗುತ್ತವೆ. ಅದಕ್ಕೇ ಆ ಬಿಲ್ಲನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮಗುವಿನಂತೆ ಸಾಕಬೇಕು. ಕೋಲಾರದ ಬೇಸಿಗೆ ಅದಕ್ಕೆ ಒಗ್ಗಬಹುದು; ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಯಾರು ಆರೈಕೆ ಮಾಡುವರು?

ಆದ್ದರಿಂದ ದಿನದ ಅಭ್ಯಾಸಕ್ಕೆ ಕೊರಿಯದವರಲ್ಲೇ ಬಹುಮಂದಿ ಅದೇ ಆಕಾರದ, ಗಾಜಿನ ನಾರು ಅಥವಾ ಕಾರ್ಬನ್ ಪಟ್ಟಿಗಳ ಬಿಲ್ಲು ಹಿಡಿಯುತ್ತಾರೆ. ಸಂಪ್ರದಾಯ ಕೆಟ್ಟಿತೆಂದು ಕೊರಗಬೇಕಿಲ್ಲ. ರಾಗಿ ಬೀಸುಕಲ್ಲು ಬಿಟ್ಟು ಮಿಲ್ಲಿಗೆ ಹೋಯಿತು. ಮುದ್ದೆ ತಿರುವುವುದಕ್ಕೆ ಇಂದಿಗೂ ರಟ್ಟೆಯೇ ಬೇಕು.

ಕೊಳ್ಳುವಾಗ ಹೆದೆಯೇರಿಸಿ ನೋಡಬೇಕು. ಹೆದೆ ಎರಡೂ ತೋಳುಗಳ ನಡುಮಧ್ಯೆ ಕೂರದೆ ಒಂದು ಪಕ್ಕಕ್ಕೆ ವಾಲಿದರೆ ತೋಳು ತಿರುಚಿದೆಯೆಂದೇ ಅರ್ಥ. ಪದರ ಬಿಟ್ಟ ಗೆರೆ, ಕೂದಲೆಳೆಯ ಬಿರುಕು ಕಂಡರೂ ಬೇಡವೆನ್ನಬೇಕು. ಕೊಂಡ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬಾರದು, ಕಾವಿಗೆ ಅಂಟು ಬಿಡುತ್ತದೆ. ಬಾಣವಿಲ್ಲದೆ ಹೆದೆ ಬಿಡುವುದಂತೂ ಕೂಡದು. 30 ಪೌಂಡ್ ಎಳೆತದ ಬಿಲ್ಲು ಪೂರಾ ಎಳೆದಾಗ ಸುಮಾರು 40 ಜೂಲ್ ಶಕ್ತಿ ಹಿಡಿದಿರುತ್ತದೆ. ನಾಲ್ಕು ಕಿಲೋ ರಾಗಿಯ ಚೀಲ ಒಂದು ಮೀಟರ್ ಮೇಲಿನಿಂದ ಬಿದ್ದಷ್ಟು. ಒಯ್ಯಲು ಬಾಣವಿಲ್ಲದಿದ್ದರೆ ಆ ಪೆಟ್ಟು ಬಿಲ್ಲಿಗೇ ಬೀಳುತ್ತದೆ.

ಜಾಗದ ಮಾತೂ ಉಂಟು. ಶ್ರೀನಿವಾಸಪುರದ ಮಾವಿನ ತೋಪು ತಂಪಾಗಿರುತ್ತದೆ, ನಿಜ. ಆದರೆ ಮರದ ಮರೆಯಿಂದ ಯಾರು ಬಂದಾರೋ ಹೇಳಲಾಗದು. ಮಾಲೂರಿನ ಕಡೆ ಹೆಂಚು, ಇಟ್ಟಿಗೆಗೆ ಮಣ್ಣು ತೆಗೆದ ಹಳ್ಳಗಳ ದಂಡೆ, ಒಡೆಯನ ಒಪ್ಪಿಗೆಯಿದ್ದರೆ, ಬಾಣಕ್ಕೆ ಒಳ್ಳೆಯ ತಡೆಗೋಡೆ.

ಇಷ್ಟಾದರೂ ಹೆಚ್ಚಿನವರು ಎಡವುವುದು ಎಳೆತದ ತೂಕದಲ್ಲಿ. ಅಂಗಡಿಯಲ್ಲಿ ಒಮ್ಮೆ ದಮ್ಮು ಕಟ್ಟಿ 50 ಪೌಂಡ್ ಎಳೆದವರು ಅದನ್ನೇ ಕೊಂಡುತರುತ್ತಾರೆ. ವಾರ ಕಳೆಯುವುದರೊಳಗೆ ಭುಜ ಹಿಡಿದುಕೊಳ್ಳುತ್ತದೆ, ಬಿಲ್ಲು ಗೋಡೆಯ ಮೊಳೆಗೆ ಏರುತ್ತದೆ. ಪೂರಾ ಎಳೆದು ಐದು ಎಣಿಸುವವರೆಗೆ ಕೈ ನಡುಗದ ಬಿಲ್ಲೇ ದಿನದ ಬಿಲ್ಲು. ಗೋಡೆಗೇರಿದ ಬಿಲ್ಲೂ ಬಹಳ ಕಾಲ ಬಾಳುತ್ತದೆ, ಅನುಮಾನವಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಅದಕ್ಕೂ ಒಂದು ಬೊಟ್ಟು ಕುಂಕುಮ ಸಿಗುತ್ತದೆ.