ಟೆಕ್ಸಾಸಿನ ಕಂಠ, ನೇತ್ರಾವತಿಯ ದಂಡೆ

ನೇತ್ರಾವತಿಯ ದಂಡೆಯ ಪಾಣೆಮಂಗಳೂರಿನ ಆಸುಪಾಸಿನ ಕ್ರೈಸ್ತ ಮನೆಗಳಲ್ಲಿ, ಕ್ರಿಸ್‌ಮಸ್ಸಿನ ‘ಕುಸ್ವಾರ್’ ತಿಂಡಿಗಳಿಗೆಂದು ನೆವ್ರಿ ಕರಿಯುವ ಎಣ್ಣೆಯ ಘಮಲಿನೊಡನೆ ಜಿಮ್ ರೀವ್ಸನ ಮಂದ್ರಕಂಠವೂ ಬೆರೆತು ಬರುವುದನ್ನು ಕೇಳಿದವರಿಗೆ, 1964ರಲ್ಲಿ ವಿಮಾನಾಪಘಾತದಲ್ಲಿ ಗತಿಸಿದ ಟೆಕ್ಸಾಸಿನ ಆ ಗಾಯಕನು ಹತ್ತಿರದ ಮೊಗರ್ನಾಡಿನ ಇಗರ್ಜಿಯಲ್ಲೇ ಹಾಡುತ್ತಿದ್ದವನೆಂದು ಭಾಸವಾದರೆ ಅಚ್ಚರಿಯಿಲ್ಲ. ಆದರೆ ಈಸ್ಟರಿಗೆ ಮುನ್ನಿನ ತಪಸ್ಸುಕಾಲ ಬಂದೊಡನೆ ಗಿಟಾರಿನ ಆ ಸೌಮ್ಯ ಸಾಂತ್ವನವು ಹಿಂದೆ ಸರಿದು, ಹದಿನೆಂಟನೆಯ ಶತಮಾನದಲ್ಲಿ ಟಿಪ್ಪುವಿನ ಬಂಧನದಲ್ಲಿದ್ದಾಗ ಗೋವೆಯ ಪಾದ್ರಿ ಜೋಕಿಂ ಮಿರಾಂದರು ರಚಿಸಿದರೆಂದು ಪ್ರತೀತಿಯಿರುವ ‘ರಿಗ್ಲೊ ಜೆಜು ಮೊಳ್ಯಾಂತ್’ ಎಂಬ ಕೊಂಕಣಿ ಶೋಕಗೀತೆಯು, ಶಿಲುಬೆಗೇರುವ ಮುನ್ನ ಯೇಸುವು ತೋಟವನ್ನು ಹೊಕ್ಕ ಆ ಇರುಳಿನ ಯಾತನೆಯನ್ನು ನಿಡುದನಿಯಲ್ಲಿ ನೆನೆಯುತ್ತ, ಅದೇ ಜನರ ನಾಲಗೆಗೆ ಮರಳುತ್ತದೆ. ಹರ್ಷಕ್ಕೆ ಎರವಲಿನ ಕಂಠವಾದರೂ ಸಾಕು. ದುಃಖವಾದರೋ ತಾಯ್ನುಡಿಯನ್ನಲ್ಲದೆ ಬೇರೊಂದನ್ನು ಒಲ್ಲದೆಂದು ನನ್ನ ಎಣಿಕೆ.