ಪಂಕ್ತಿಯ ಹೊರಗೆ ಕುಳಿತವನು



ನಮ್ಮ ಅರಕೇರಾ ತಮ್ಮಲ್ಲಿ ಅನೇಕರಿಗೆ ಪರಿಚಿತವೇ ಸರಿ. ದೇವದುರ್ಗ ಸೀಮೆಯ ಈ ಊರು ಇತ್ತೀಚೆಗೆ ತಾನೇ ಒಂದು ತಾಲ್ಲೂಕೆನಿಸಿದೆ. ಆದರೂ ಬಿಸಿಲಿನಲ್ಲಿ, ಹತ್ತಿ ಜೋಳಗಳ ಹೊಲದಲ್ಲಿ, ಗುಳೆ ಹೋಗುವ ಬಡವರ ಬವಣೆಯಲ್ಲಿ ಅದು ಹಳೆಯ ಊರಾಗಿಯೇ ಉಳಿದಿದೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಮಾಸ್ತರನಾದ ನಾನು, ನನ್ನದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

2019ರ ಮಳೆಗಾಲದಲ್ಲಿ ನಮ್ಮ ಬಸ್ ನಿಲ್ದಾಣದ ಬೇವಿನ ಮರದಡಿ ಒಬ್ಬಾತ ಬಂದು ನೆಲೆಸಿದ. ಜಡೆಗಟ್ಟಿದ ತಲೆ, ಹರಿದ ಅಂಗಿ, ತನ್ನೊಳಗೆ ತಾನೇ ಮಾತು. ಅಮಾವಾಸ್ಯೆಯ ದಾಸೋಹದಂದು ಆತ ಪಂಕ್ತಿಯ ಹೊರಗೆ, ಪಾದರಕ್ಷೆಗಳನ್ನು ಬಿಡುವ ಸ್ಥಳದಲ್ಲಿ ಬಂದು ಕೂಡುತ್ತಿದ್ದ. ನಾನೇ ಎಲೆ ಹಾಕಿ ಹುಗ್ಗಿ ಬಡಿಸುತ್ತಿದ್ದೆ. ಮಿಕ್ಕ ದಿನಗಳಲ್ಲಿ ನಮ್ಮ ಮನೆಯಿಂದ ರೊಟ್ಟಿ ಪಲ್ಯ ಹೋಗುತ್ತಿತ್ತು. ಹಸಿದವನಿಗೆ ಅನ್ನವಿಕ್ಕಿದೆನೆಂಬ ತೃಪ್ತಿಯಿಂದ ರಾತ್ರಿ ನಿದ್ರಿಸುತ್ತಿದ್ದೆ.

ನಮ್ಮ ಜಿಲ್ಲೆಗೆ ಕ್ರೈಸ್ತ ಸಭೆಗಳು ಹೊಸತಲ್ಲ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರ ಕಾಲದಿಂದಲೂ ಕ್ರೈಸ್ತರ ನೆಲೆ ಇದೆ. ನಮ್ಮ ಸಮೀಪದಲ್ಲಿಯೂ ಒಂದು ಚಿಕ್ಕ ಪ್ರಾರ್ಥನಾಮಂದಿರವಿದೆ. ಅದರ ಹಿರಿಯರೊಬ್ಬರು ಗೌಂಡಿ ಕೆಲಸ ಮಾಡಿ ಬದುಕಿದವರು. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ, ಕತ್ತರಿ, ಸಾಬೂನು, ಒಗೆದ ಒಂದು ಧೋತರ ಹಿಡಿದು ಅವರು ಬೇವಿನ ಮರದಡಿಗೆ ಬಂದರು. ನಾನು ಬುತ್ತಿಯೊಡನೆ ಅಲ್ಲಿಯೇ ಇದ್ದೆ. ಅವರು ಕೇಳಿದರು:

"ಮಾಸ್ತರ್ರೀ, ದಿನಾ ಉಣ್ಣಾಕ ಕೊಡ್ತೀರಿ, ಖರೆ. ಇವನ ಹೆಸರೇನಂತ ಕೇಳೀರೇನ್ರಿ?"

ನಾನು ಕೇಳಿರಲಿಲ್ಲ. ತಿಂಗಳಾನುಗಟ್ಟಲೆ ಉಣಬಡಿಸಿಯೂ ಕೇಳಿರಲಿಲ್ಲ! ಅವರ ಸಭೆಯಲ್ಲಿ ರೋಗಿಗಳ ಹೆಸರು ಹಿಡಿದು ಪ್ರಾರ್ಥಿಸುವ ವಾಡಿಕೆಯಂತೆ, "ಹೆಸರು ಗೊತ್ತಿಲ್ಲದೆ ಯಾರಿಗಂತ ಬೇಡಿಕೋಬೇಕು?" ಎಂದರು. ಆ ಮಾತು ನನ್ನ ಎದೆಯಲ್ಲಿ ನಾಟಿತು. ಅದಕ್ಕೆ ಕಾರಣವನ್ನು ನಾನು ಇದುವರೆಗೆ ಶ್ರೀಮಠದಲ್ಲಿ ಯಾರಿಗೂ ಹೇಳಿರಲಿಲ್ಲ.

ನನಗೊಬ್ಬ ಅಣ್ಣನಿದ್ದ. ನನಗಿಂತ ಮೊದಲೇ ಇದೇ ಪ್ರಸಾದನಿಲಯದಲ್ಲಿ ಇದ್ದವನು. ಗಣಿತದಲ್ಲಿ ಬಹು ಚುರುಕು. ಇಪ್ಪತ್ತರ ಪ್ರಾಯದಲ್ಲಿ ಅವನಿಗೆ ಯಾರೋ ಕಿವಿಯಲ್ಲಿ ಮಾತನಾಡುವಂತೆ ಕೇಳತೊಡಗಿತು. ನಮ್ಮವರು ತಾಯಿತ ಕಟ್ಟಿಸಿದರು, ಹರಕೆ ಹೊತ್ತರು, ಕೊನೆಗೆ ದನದ ಕೊಟ್ಟಿಗೆಯ ಕಂಬಕ್ಕೆ ಸರಪಳಿಯಿಂದ ಕಟ್ಟಿದರು. ಕ್ರೌರ್ಯದಿಂದಲ್ಲ, ಭಯದಿಂದ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಿಂದ. 1976ರ ಬೇಸಿಗೆಯ ಒಂದು ರಾತ್ರಿ ಕನಿಕರಪಟ್ಟು ಆ ಸರಪಳಿಯನ್ನು ಬಿಚ್ಚಿದವನು ನಾನೇ. ಬೆಳಗಾಗುವಷ್ಟರಲ್ಲಿ ಅಣ್ಣ ಇರಲಿಲ್ಲ. ರಾಯಚೂರಿನ ನಿಲ್ದಾಣದಲ್ಲಿ ಕಂಡೆವೆಂದು ಕೆಲವರು ಹೇಳಿದರು. ಮುಂಬಯಿಯಿಂದ ಮದರಾಸಿಗೆ ಹೋಗುವ ಹಾದಿಯದು. ಯಾವ ದಿಕ್ಕಿನ ಗಾಡಿ ಹತ್ತಿದನೋ ಬಲ್ಲವರಿಲ್ಲ. ಆತ ಮರಳಿ ಬರಲಿಲ್ಲ.

ಈಗ ತಾವೇ ವಿಚಾರಿಸಿರಿ. ಬೇವಿನ ಮರದಡಿಯಲ್ಲಿದ್ದವನು ಇನ್ನಾವುದೋ ಮನೆಯ ಅಣ್ಣನಲ್ಲವೆ?

ಆತನ ಗೊಣಗು ನಮಗೆ ತಿಳಿಯುತ್ತಿರಲಿಲ್ಲ. ಊರಿನ ಉರುಸಿನಲ್ಲಿ ಪ್ರತಿವರ್ಷ ಗಂಧ ಹೊರುವ ಮುಸಲ್ಮಾನ ಬಂಧುವೊಬ್ಬರು ಹತ್ತಿಯ ಲಾರಿ ನಡೆಸುತ್ತಾರೆ. ಅವರು ಕಿವಿಗೊಟ್ಟು ಕೇಳಿ, ಇದು ಸೊಲ್ಲಾಪುರದ ಕಡೆಯ ಮರಾಠಿ ಎಂದರು. ಮೂವರೂ ಕೂಡಿ ಓಡಾಡಿದೆವು. ಒಂದೆಡೆ, ಹೆಸರಿಲ್ಲದವನನ್ನು ದಾಖಲು ಮಾಡಿಕೊಳ್ಳುವುದೆಂತು ಎಂದು ಹಿಂದಕ್ಕೆ ಕಳುಹಿಸಿದರು. ಆಗ ನಮ್ಮ ಹಳೆಯ ವಿದ್ಯಾರ್ಥಿಯಾದ ವಕೀಲರೊಬ್ಬರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 100ನೆಯ ಕಲಮನ್ನು ಓದಿ ತಿಳಿಸಿದರು. ದಿಕ್ಕಿಲ್ಲದೆ ಅಲೆಯುವ, ತನ್ನ ಯೋಗಕ್ಷೇಮ ನೋಡಿಕೊಳ್ಳಲಾರದ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. 24 ತಾಸುಗಳೊಳಗೆ ಆತನನ್ನು ಸಮೀಪದ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಸರಪಳಿಯಿಂದ ಕಟ್ಟುವುದನ್ನೂ ಇದೇ ಕಾಯಿದೆ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಕರೆತಂದಿದ್ದ ರೋಗಿಗಳ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯ ದೆಸೆಯಿಂದ ಓಡಲಾರದೆ 28 ಜೀವಗಳು ಬೆಂದುಹೋದುದನ್ನು ತಾವು ಮರೆತಿರಲಾರಿರಿ. ಅದನ್ನು ಓದಿದ ದಿನ ನಾನು ನಮ್ಮ ಕೊಟ್ಟಿಗೆಯ ಕಂಬವನ್ನು ಕೀಳಿಸಿದೆ.

ರಾಯಚೂರಿನಲ್ಲಿ ವೈದ್ಯರು ನೋಡಿದರು. ಮಾತ್ರೆಗಳು ಆರಂಭವಾದವು. ಮೂರನೆಯ ವಾರ ಆತ ತನ್ನ ಹೆಸರು ಹೇಳಿದ; ಐದನೆಯ ವಾರ ಊರು ಹೇಳಿದ. ತಮ್ಮ ಬಂದು ಕಾಲು ಹಿಡಿದು ಅತ್ತುಬಿಟ್ಟ. ನಾಲ್ಕು ವರ್ಷ ಹುಡುಕಿದ್ದನಂತೆ. ಕಥೆ ಇಲ್ಲಿಗೆ ಸುಖಾಂತವೆಂದು ತಿಳಿಯಬೇಡಿರಿ. ಮರುವರ್ಷ ಮಾತ್ರೆ ಬಿಟ್ಟು ಮತ್ತೆ ಮನೆ ತೊರೆದಿದ್ದ. ಈ ಸಲ ಹೆಸರು ತಿಳಿದವರಿದ್ದುದರಿಂದ ಎರಡೇ ದಿನಗಳಲ್ಲಿ ಸಿಕ್ಕಿದ. ಈ ವ್ಯಾಧಿಗೆ ಔಷಧ ಎಷ್ಟು ಅವಶ್ಯವೋ, ಎಡೆಬಿಡದೆ ವಿಚಾರಿಸುವ ಜನವೂ ಅಷ್ಟೇ ಅವಶ್ಯ.

ಇದು ಹೊಸ ಮಾತಲ್ಲ. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ ಸಂತ ಡಿಂಫ್ನಾಳ ಚರ್ಚಿಗೆ ಗುಣ ಬೇಡಿ ಬರುತ್ತಿದ್ದ ಮನೋರೋಗಿಗಳನ್ನು ಊರಿನ ಒಕ್ಕಲುಗಳೇ ಮಧ್ಯಯುಗದಿಂದ ತಮ್ಮ ಮನೆಗಳಲ್ಲಿ ಇರಿಸಿಕೊಂಡು ಬಂದರು. 1938ರ ಹೊತ್ತಿಗೆ ಅಂಥವರು 3,700ಕ್ಕೂ ಹೆಚ್ಚು ಮಂದಿ ಇದ್ದರು. ಆ ಪದ್ಧತಿ ಇಂದಿಗೂ ಉಳಿದಿದೆ. ಅಷ್ಟು ದೂರ ಏಕೆ? ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಅವರು ಕಟ್ಟಿದ ಸ್ನೇಹಾಲಯವು ಬೀದಿಯಲ್ಲಿ ಅಲೆಯುವವರನ್ನು ಜಾತಿಮತ ಕೇಳದೆ ಕರೆತಂದು, ಚಿಕಿತ್ಸೆ ಕೊಡಿಸಿ, ಮನೆಯ ವಿಳಾಸ ಹುಡುಕಿ ಮುಟ್ಟಿಸುತ್ತಿದೆ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯವರು, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಮನೋರೋಗಕ್ಕೆ ಅಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿಕೊಟ್ಟರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಬಂಧುಗಳೇ, ನಾವು ದಾಸೋಹದ ಪರಂಪರೆಯವರು. ನೀಡುವವನು ತಾನು ದೊಡ್ಡವನೆಂದು ಬಗೆಯದೆ, ಉಣ್ಣುವವನಿಗೆ ದಾಸನೆಂದು ತಿಳಿದು ನೀಡುವುದು ದಾಸೋಹ. ದಾಸನಾದವನಿಗೆ ತನ್ನ ಒಡೆಯನ ಹೆಸರೇ ಗೊತ್ತಿಲ್ಲವೆಂದರೆ ಅದೆಂತಹ ದಾಸೋಹ? ಈ ಪಾಠವನ್ನು ನನಗೆ ಕಲಿಸಿದವರು ಶಿಲುಬೆಗೆ ಕೈಮುಗಿಯುವ ಒಬ್ಬ ಗೌಂಡಿ. ಹಾಗೆಂದು ನಮ್ಮ ಇಷ್ಟಲಿಂಗಕ್ಕೆ ಊನವಾಗಲಿಲ್ಲ, ಅವರ ಶಿಲುಬೆಗೂ ಆಗಲಿಲ್ಲ.

ತಾವು ಯಾವ ಊರಿನಲ್ಲಿಯೇ ಇರಿ, ಪಂಕ್ತಿಯ ಹೊರಗೆ ಕುಳಿತವನ ಹತ್ತಿರ ಒಂದು ಗಳಿಗೆ ಕೂಡಿರಿ, ಹೆಸರು ಕೇಳಿರಿ. ಠಾಣೆಗೆ ತಿಳಿಸಿರಿ. ಮನೆಯಲ್ಲಿಯೇ ಇಂಥ ಸಂಕಟವಿದ್ದರೆ ಮುಚ್ಚಿಡದೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿರಿ. ಸರಕಾರದ ಟೆಲಿಮಾನಸ್ ಸೇವೆ 2022ರಿಂದ ಹಗಲಿರುಳು ನಡೆಯುತ್ತಿದೆ.

ನನ್ನ ಅಣ್ಣನ ವಯಸ್ಸನ್ನು ನಾನು ಈಗಲೂ ಪ್ರತಿ ಯುಗಾದಿಗೆ ಲೆಕ್ಕ ಹಾಕುತ್ತೇನೆ. ಯಾವುದೋ ಊರಿನಲ್ಲಿ, ಯಾವುದೋ ಗುಡಿಯ, ಚರ್ಚಿನ, ಮಸೀದಿಯ ಮುಂದೆ ಅವನ ಹೆಸರನ್ನು ಯಾರಾದರೂ ಒಮ್ಮೆ ಕೇಳಿರಲಿ ಎಂಬುದೇ ನನ್ನ ಬೇಡಿಕೆ.